ಸೆವಿಲ್‌ನಲ್ಲಿ ಕಳೆದ ಹವಳದ ಸರ

ನೀರಜಾಕ್ಷಿ ಆಂಟಿಯ ಹವಳದ ಸರ ಕಾಣೆಯಾದದ್ದು ಸ್ಪೇನಿನ ಸೆವಿಲ್‌ನಲ್ಲಿ, ಅಲ್ಲಿನ ದೊಡ್ಡ ಚರ್ಚು, ಕೆಥೆಡ್ರಲ್ ಇಗರ್ಜಿಯ ಬಾಗಿಲಲ್ಲಿ, ಉರಿ ಮಧ್ಯಾಹ್ನ. ಬಹರೈನಿನ ಖಾಲಿ ಫ್ಲ್ಯಾಟಿನಲ್ಲಿ ಬಿಡಲು ಹೆದರಿ ಜೊತೆಗೆ ತಂದಿದ್ದ ಸರ. ಅದನ್ನಿಟ್ಟಿದ್ದ ತಮ್ಮ ಕ್ಯಾಮೆರಾ ಚೀಲ ತಡವಿ "ಇಲ್ಲ" ಎಂದವರು ಅವರ ಗಂಡ ಸರ್ವೋತ್ತಮ. ಆಗ ಅವರ ಪಕ್ಕದಲ್ಲಿದ್ದವರು ಇಬ್ಬರೇ — ನರ್ಸ್ ವಾಯೊಲೆಟ್ ಮತ್ತು ನಾನು.

ತೊಂಬತ್ತಾರರ ಬೇಸಿಗೆ ಅದು. ಅಥೆನ್ಸ್, ರೋಮ್‌ಗಳಲ್ಲಿ ಒಟ್ಟಿಗೆ ನಕ್ಕಿದ್ದ ನಮ್ಮ ಬಹರೈನ್ ಪ್ರವಾಸಿ ತಂಡದವರು ಆಮೇಲೆ ನಮ್ಮಿಬ್ಬರ ಮೇಜಿಗೆ ಊಟಕ್ಕೂ ಬರಲಿಲ್ಲ.

ಬಹರೈನಿಗೆ ವಾಪಸಾದ ಮೇಲೆ ಸರ್ವೋತ್ತಮ ಹೆಂಡತಿಯೊಡನೆ ಹೂರಾ ಬಡಾವಣೆಯ ನಮ್ಮ ಫ್ಲ್ಯಾಟಿಗೇ ಬಂದರು. ವಾಯೊಲೆಟ್‌ಳನ್ನೂ ಕರೆಸಿದ್ದರು. ಪ್ರವಾಸಕ್ಕೆ ಬಂದಿರದ ನನ್ನ ಪಪ್ಪ ಹ್ಯೂಬರ್ಟ್ ವಿಮಾ ಕಂಪೆನಿಯಲ್ಲಿ ಕಳವಿನ ತನಿಖೆ ಮಾಡುವವರು.

"ನಿಮ್ಮ ಮಗಳೂ ಇದರಲ್ಲಿದ್ದಾಳೆ. ನೀವೇ ವಿಚಾರಿಸಿ. ಇವತ್ತು ಸರ ಸಿಗದಿದ್ರೆ ಈ ವಾಯೊಲೆಟ್‌ಳ ಆಸ್ಪತ್ರೆಗೆ ಫೋನ್ ಮಾಡ್ತೇನೆ. ವೀಸಾ ಕ್ಯಾನ್ಸಲ್. ಸೀದಾ ಮಂಗಳೂರು."

ಪಪ್ಪ ಮೊದಲು ಕೇಳಿದ್ದು ನನ್ನನ್ನು. ನಾನು ತಲೆಯಾಡಿಸಿದೆ, ಮಾತು ಹೊರಡಲಿಲ್ಲ. ಮೂಕಿಯ ಹಾಗೆ ಕೂತರೆ ಸಾಚಾ ಆಗ್ತಾಳಾ ಎಂದು ಸರ್ವೋತ್ತಮ ಕುಟುಕಿದರು.

"ಆ ಹೊತ್ತಿಗೆ ನಿನ್ನ ಕೈ ಎಲ್ಲಿತ್ತು, ವಾಯೊಲೆಟ್?" ಪಪ್ಪ ಕೇಳಿದರು.

"ತಲೆ ಮೇಲೆ ಅಂಕಲ್. ಒದ್ದೆ ಕರ್ಚೀಫು ಹಿಡ್ಕೊಂಡಿದ್ದೆ. ಎಂತ ಬಿಸಿಲು ಅದು! ಚೌಕ ದಾಟುವಷ್ಟರಲ್ಲಿ ಕರ್ಚೀಫು ಹಪ್ಪಳದ ಹಾಗೆ ಒಣಗಿತ್ತು."

"ಕಥೆ," ಎಂದರು ಸರ್ವೋತ್ತಮ.

"ನೀವು ನೋಡ್ಲಿಲ್ವಾ?" ಪಪ್ಪ ಅವರತ್ತ ತಿರುಗಿದರು.

"ಹೇಗೆ ನೋಡುವುದು? ತಣ್ಣಗಿನ ಇಗರ್ಜಿಯಿಂದ ಹೊರಗೆ ಕಾಲಿಟ್ಟದ್ದೇ ಕನ್ನಡಕ ಪೂರಾ ಮಂಜು. ಒರೆಸುವಷ್ಟರಲ್ಲಿ ಚೀಲದ ಜಿಪ್ ತೆರೆದಿತ್ತು. ಅದನ್ನೇ ಕಾದಿದ್ದಾಳೆ."

ಪಪ್ಪ ಎದ್ದು ಬಾಲ್ಕನಿಯ ಬಾಗಿಲು ತೆಗೆದರು. ಸ್ವಲ್ಪ ಹೊರಗೆ ಬನ್ನಿ ಎಂದರು. ಏಸಿಯ ಚಳಿಯಿಂದ ಆಗಸ್ಟಿನ ತೇವದ ಧಗೆಗೆ ಬಂದ ಕ್ಷಣವೇ ಸರ್ವೋತ್ತಮರ ಕನ್ನಡಕ ಬೆಳ್ಳಗಾಯಿತು.

"ಇದು ಸಮುದ್ರದ ಗಾಳಿ. ನೀರು ತುಂಬಿದೆ, ಅದಕ್ಕೇ ಮಂಜು. ಕರ್ಚೀಫು ಹಪ್ಪಳವಾಗುವ ಒಣ ಗಾಳಿಯ ಊರಲ್ಲಿ ಗಾಜಿಗೆ ನೀರು ಎಲ್ಲಿಂದ ಬಂತು? ಬಹರೈನಿನ ಸೆಕೆಯನ್ನು ಸ್ಪೇನಿಗೆ ಹೊತ್ತುಕೊಂಡು ಹೋದಿರಾ? ನಿಮ್ಮ ಕಣ್ಣಿಗೆ ಏನೂ ಅಡ್ಡ ಬರಲಿಲ್ಲ. ಸರ ತೆಗೆದವರು ನೀವೇ."

"ನನ್ನ ಹೆಂಡತಿಯ ಸರ ನಾನೇ ಯಾಕೆ ಕದೀಲಿ?"

ಉತ್ತರ ಬಂದದ್ದು ನೀರಜಾಕ್ಷಿ ಆಂಟಿಯಿಂದ. "ಅದು ನನ್ನ ಅಮ್ಮನದ್ದು. ತಂಗಿ ಮಗಳು ಸುರಕ್ಷಾಳ ಮದುವೆಗೆ ಕೊಡ್ತೇನೆ ಅಂದಾಗ ನನ್ನೊಡನೆ ಮಾತು ಬಿಟ್ರಿ. ಮೊನ್ನೆ ಏರ್‌ಪೋರ್ಟಿಂದ ಮನೆಗೂ ಬಾರದೆ ಆಫೀಸಿಗೆ ಓಡಿದ್ರಿ." ಅವರು ಕೈ ಚಾಚಿದರು. "ಆಫೀಸಿನ ಡ್ರಾಯರಿನ ಕೀ ಕೊಡಿ."

ಸರ್ವೋತ್ತಮ ಕನ್ನಡಕ ಒರೆಸುತ್ತಲೇ ಇದ್ದರು. ಗಾಜು ಆಗಲೇ ತಿಳಿಯಾಗಿತ್ತು. ಕೊನೆಗೆ ಕೀಗೊಂಚಲು ಜೇಬಿನಿಂದ ಹೊರಬಂತು.

ಅವರು ಒಳಗೆ ಬಂದು ಕೂತಾಗ ವಾಯೊಲೆಟ್ ಟೆಲಿಫೋನನ್ನು ಅವರ ಮುಂದಕ್ಕೆ ತಳ್ಳಿದಳು.

"ಫೋನ್ ಮಾಡ್ಲಿಕ್ಕುಂಟು ಅಂದಿದ್ರಲ್ಲ ಸರ್. ಮಾಡಿ."

ಆಸ್ಪತ್ರೆಯ ನಂಬರು ಬೇಕಾ ಎಂದು ಕೇಳಿದವಳು ನಾನು. ಆ ಸಂಜೆ ನಾನಾಡಿದ ಮೊದಲ ಮಾತು ಅದು.