ಮ್ಯಾಪಿನಿಂದ ಮಾಯವಾದ ಅಂಗಡಿ

"ಏನ್ರೀ ಅದು... ನನ್ನ ಅಂಗಡಿ ಶಟರ್ ಫೋಟೋ ಯಾಕೆ ತೆಗೀತಿದ್ದೀರಾ?"

ಅರ್ಧ ಎತ್ತಿದ ಶಟರ್ ಕೆಳಗಿಂದ ಬಗ್ಗಿ ಹೊರಗೆ ಬಂದವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಮೂಗಿನ ತುದಿಗೆ ಮಿಷಿನ್ ಎಣ್ಣೆ ಮೆತ್ತಿತ್ತು. ಫೋನ್ ಹಿಡಿದು ನಿಂತಿದ್ದ ಯುವಕ ಬೆಚ್ಚಿಬಿದ್ದು ಎರಡು ಹೆಜ್ಜೆ ಹಿಂದೆ ಸರಿದ.

"ಅಯ್ಯೋ! ಒಳಗೆ ಜನ ಇದ್ದಾರಾ?"

"ಇನ್ನೇನು, ದೆವ್ವ ಇರುತ್ತೆ ಅಂದ್ಕೊಂಡ್ರಾ?"

"ಅಲ್ಲ... ಈ ಅಂಗಡಿ ಮುಚ್ಚಿ ಹೋಗಿದೆ ಅಂತ ಮ್ಯಾಪಲ್ಲಿ..."

"ಯಾರ್ರೀ ಹಾಗಂದಿದ್ದು?"

ಅವನು ಗೊತ್ತಿಲ್ಲ ಅಂದು ಜಾರಿಕೊಳ್ಳಬಹುದಿತ್ತು. ಜಾರಿಕೊಳ್ಳಲಿಲ್ಲ, ಪಾಪ.

"ನಾನೇ ರೀ... ಎರಡು ತಿಂಗಳ ಹಿಂದೆ."

ಅವನು ಫೋನ್ ಅವಳತ್ತ ತಿರುಗಿಸಿದ. ಹೊಲಿಗೆ ಮಿಷಿನ್ ರಿಪೇರಿ ಅಂಗಡಿ. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, 'ಶಾಶ್ವತವಾಗಿ ಮುಚ್ಚಲಾಗಿದೆ.'

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳು! ಹೊಸ ಗಿರಾಕಿ ಒಬ್ಬರೂ ಬರದ ಎರಡು ತಿಂಗಳು! ತನ್ನ ಕೆಲಸದಲ್ಲೇ ಏನೋ ಕುಂದು ಇರಬೇಕು ಅಂತ ಅವಳು ನಿದ್ದೆ ಕೆಡಿಸಿಕೊಂಡಿದ್ದಳು.

"ಕಣ್ಣಿಲ್ವಾ ನಿಮಗೆ? ದಿನಾ ಅಂಗಡಿ ತೆಗೀತೀನಿ!"

"ಮೂರು ಸಲ ಬಂದಿದ್ದೆ ರೀ. ಮೂರೂ ಸಲ ಮಧ್ಯಾಹ್ನ. ಶಟರ್ ಪೂರ್ತಿ ಇಳಿದಿತ್ತು. ತಟ್ಟಿದೆ, ಯಾರೂ ಓಗೊಡ್ಲಿಲ್ಲ... ಇವತ್ತು ಶಟರ್ ಅರ್ಧ ಎದ್ದಿದ್ದು ಕಂಡು ಫೋಟೋ ತೆಗೆದೆ."

ಇಲ್ಲಿ ಅವನದ್ದೂ ತಪ್ಪಿಲ್ಲ ಬಿಡಿ. ಮಿಷಿನ್ ಹೊಟ್ಟೆ ಬಿಚ್ಚಿದಾಗ ಬೀದಿ ಧೂಳು ಒಳಗೆ ಬೀಳಬಾರದು ಅಂತ ಶಟರ್ ಎಳೆದುಕೊಂಡು ಕೆಲಸ ಮಾಡುವುದು ಅವಳ ಅಪ್ಪ ಕಲಿಸಿದ ಪದ್ಧತಿ. ಒಳಗೆ ಮಿಷಿನ್ ಓಡಿಸಿ ನೋಡುವಾಗಿನ ಗದ್ದಲದಲ್ಲಿ ಬಾಗಿಲು ತಟ್ಟಿದ್ದು ಎಲ್ಲಿ ಕೇಳಬೇಕು?

ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅಂಗಡಿ ಅವಳ ಕೈಗೆ ಬಂದಿತ್ತು. ಹೋದ ವಾರವಷ್ಟೇ ಅಣ್ಣ ಖಡಾಖಂಡಿತವಾಗಿ ಹೇಳಿದ್ದ. "ಪುಟ್ಟಿ, ಈ ತಿಂಗಳ ಕೊನೆವರೆಗೆ ನೋಡು. ಗಿರಾಕಿ ಬರದಿದ್ರೆ ಮುಚ್ಚಿಬಿಡೋಣ. ನಮ್ಮ ಆಫೀಸಲ್ಲಿ ಕೆಲಸ ಇದೆ."

ಉಳಿದಿದ್ದು ಹತ್ತೊಂಬತ್ತು ದಿನ.

ಅದನ್ನೂ ಅವಳು ಸಿಟ್ಟಿನ ಭರದಲ್ಲಿ ಅವನ ಮುಖಕ್ಕೇ ಹೇಳಿಬಿಟ್ಟಳು. ಅವನು ಪೂರ್ತಿ ಕೇಳಿಸಿಕೊಂಡ.

"ನಾನು ಕೆಡಿಸಿದ್ದು. ನಾನೇ ಸರಿ ಮಾಡ್ತೀನಿ," ಎಂದ.

ಮರುದಿನ ಬೆಳಿಗ್ಗೆ ಅವಳು ಬರುವ ಮೊದಲೇ ಅವನು ಅಂಗಡಿ ಮುಂದಿದ್ದ. ಬೀದಿ ಬೀದಿ ಅಲೆದು ಸಣ್ಣ ಪುಟ್ಟ ಅಂಗಡಿಗಳನ್ನು ಪಿನ್ ಗುರುತು ಹಾಕಿ ಮ್ಯಾಪಿಗೆ ಸೇರಿಸುವುದು ಅವನ ಕಸುಬು. ಹಾಗಾಗಿ ಆ ಸುತ್ತಿನವರೆಲ್ಲ ಅವನನ್ನು 'ಪಿನ್ನಣ್ಣ' ಅಂತಲೇ ಕರೆಯುತ್ತಿದ್ದರು.

ಸ್ಟೂಲ್ ಎಳೆದುಕೊಂಡು ಕೂತು ಒಂದೊಂದೇ ಕೇಳಿದ. ಯಾವ ಯಾವ ಮಿಷಿನ್ ರಿಪೇರಿ ಮಾಡ್ತೀರಾ? ಮನೆಗೂ ಹೋಗ್ತೀರಾ? ರಜೆ ಯಾವತ್ತು? ಮ್ಯಾಪಿನಲ್ಲಿ 'ಮುಚ್ಚಲಾಗಿದೆ' ಅನ್ನುವುದನ್ನು ತೆಗೆದು, ಕೇಳಿದ್ದನ್ನೆಲ್ಲ ತುಂಬಿಸಿ, ಕೊನೆಗೆ ಒಂದು ಸಾಲು ಸೇರಿಸಿದ. 'ಮಧ್ಯಾಹ್ನ ಶಟರ್ ಇಳಿದಿದ್ದರೂ ಒಳಗೆ ಕೆಲಸ ನಡೆದಿರುತ್ತದೆ. ಗಂಟೆ ಒತ್ತಿ.'

"ಗಂಟೆ ಎಲ್ಲಿದೆ ಇಲ್ಲಿ?"

ಅವನು ಚೀಲದಿಂದ ಹೊಸ ಗಂಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

ಅವಳಿಗೆ ನಗು ಬಂತು. ಬಂದ ನಗುವನ್ನು ತಡೆದುಕೊಂಡಳು.

"ಈಗ ಫೋಟೋ. ನಿಮ್ಮ ಕೈ ತೋರಿಸಿ."

"ಕೈಯಾ? ಥೂ, ಎಣ್ಣೆ ಮಸಿ ಎಲ್ಲ ಆಗಿದೆ. ಇರಿ, ತೊಳ್ಕೊಂಡು ಬರ್ತೀನಿ."

"ಬೇಡ ರೀ. ಕೆಲಸ ಗೊತ್ತಿರೋ ಕೈ ಹೀಗೇ ಇರೋದು. ಜನ ಇದನ್ನ ನೋಡಿಯೇ ಬರ್ತಾರೆ."

ಹೆಣ್ಣು ಮಗಳ ಕೈ ಹೀಗಿರುತ್ತಾ ಅಂತ ಮೂಗು ಮುರಿದವರೇ ಇಷ್ಟು ದಿನ... ಅವಳಿಗೆ ಯಾಕೋ ತಲೆ ಎತ್ತಿ ಅವನನ್ನು ನೋಡಲಾಗಲಿಲ್ಲ.

ಮೂರನೇ ದಿನ ಗಂಟೆ ಸದ್ದು ಮಾಡಿತು. ಹಿಂದಿನ ಬೀದಿಯಲ್ಲಿ ಚೀಲ ಹೊಲಿಯುವ ಹೆಂಗಸು.

"ಇಷ್ಟು ಹತ್ರ ಇದ್ದೀಯೇನಮ್ಮ! ನಾಲ್ಕು ವರ್ಷದಿಂದ ಬಸ್ಸಲ್ಲಿ ಹೊತ್ಕೊಂಡು ಅಲ್ಲೆಲ್ಲೋ ಹೋಗ್ತಿದ್ದೆ."

ಆಮೇಲೆ ಒಬ್ಬ ದರ್ಜಿ. ಅವನ ಹಿಂದೆ ತಾಯಿಯ ಹಳೇ ಮಿಷಿನ್ ತಂದ ಅಜ್ಜಿ. ಬಂದ ಮಿಷಿನ್ ಯಾರದು, ಯಾವುದು, ಏನಾಗಿತ್ತು ಎಂದು ಅಪ್ಪನ ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಕೆಲವರು ಮ್ಯಾಪಿನಲ್ಲಿ ಎರಡು ಒಳ್ಳೆಯ ಮಾತನ್ನೂ ಬರೆದರು.

"ಅವರಾಗಿಯೇ ಬರೆದ್ರೆ ಸರಿ," ಪಿನ್ನಣ್ಣ ಎಚ್ಚರಿಸಿದ್ದ. "ಸುಳ್ಳು ಒಂದು ಸೇರಿದ್ರೂ ಇರೋ ನಿಜವೆಲ್ಲ ಹಾಳು."

ಕೆಲಸ ಮುಗಿದಿತ್ತು. ಆದರೂ ಅವನು ದಿನವೂ ಬರುತ್ತಿದ್ದ. ಒಂದು ದಿನ ಬೋರ್ಡಿನ ಫೋಟೋ ಮಸುಕಾಗಿದೆ ಅಂತ, ಇನ್ನೊಂದು ದಿನ ಗಂಟೆಯ ಬ್ಯಾಟರಿ ನೋಡಬೇಕು ಅಂತ.

"ಏನಮ್ಮ," ಪಕ್ಕದ ಬೀಗದಂಗಡಿ ಮಾವ ಕಣ್ಣು ಮಿಟುಕಿಸಿ ಕೇಳಿದರು, "ಆ ಗಂಟೆ ರಿಪೇರಿಗೆ ಇನ್ನೂ ಎಷ್ಟು ದಿನ ಬೇಕಂತೆ?"

"ಹೋಗಿ ಮಾವ!" ಅಂದಳು. ಕೆನ್ನೆ ಮಾತ್ರ ಬಿಸಿಯಾಗಿತ್ತು.

ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ...

ಒಂದು ಬೆಳಿಗ್ಗೆ ಮ್ಯಾಪಿನಲ್ಲಿ ಐದು ಹೊಸ ಅಭಿಪ್ರಾಯಗಳಿದ್ದವು. ಐದಕ್ಕೂ ಐದೈದು ನಕ್ಷತ್ರ! 'ಅದ್ಭುತ ಕೆಲಸ', 'ನಂಬರ್ ಒನ್ ಅಂಗಡಿ'. ಹಿಗ್ಗಿನಿಂದ ನೋಟ್‌ಬುಕ್ ತೆಗೆದು ಹೆಸರು ಹುಡುಕಿದಳು. ಒಂದೂ ಸಿಗಲಿಲ್ಲ. ಇವರ್ಯಾರೂ ಅಂಗಡಿಯ ಮೆಟ್ಟಿಲನ್ನೇ ಹತ್ತಿದವರಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯೇ ಮ್ಯಾಪಿನಿಂದ ಮಾಯವಾಯಿತು. ಸುಳ್ಳು ಅಭಿಪ್ರಾಯಗಳ ಅನುಮಾನವಿದೆ, ಅದಕ್ಕೇ ತೆಗೆದಿದ್ದೇವೆ ಎಂದು ಮ್ಯಾಪಿನವರಿಂದ ಸಂದೇಶ ಬಂದಿತ್ತು.

ಪಿನ್ನಣ್ಣ ಓಡಿ ಬಂದ. ಅವಳು ಅವನನ್ನು ಒಳಗೆ ಕರೆಯಲಿಲ್ಲ.

"ನೀವೇ ಬರೆಸಿದ್ದಲ್ವಾ?"

"ನಾನಾ? ಇಲ್ಲ ರೀ!"

"ಇನ್ಯಾರು ಬರೆಸ್ತಾರೆ? ಈ ಮ್ಯಾಪಿನ ಉಸಾಬರಿ ನಿಮ್ಮನ್ನ ಬಿಟ್ರೆ ಯಾರಿಗಿದೆ?" ಅವಳು ಬಾಗಿಲಿಗೆ ಅಡ್ಡ ನಿಂತಳು. "ಮೊದಲು ಇದ್ದ ಅಂಗಡೀನ ಇಲ್ಲ ಅಂದ್ರಿ. ಈಗ ಇಲ್ಲದ ಗಿರಾಕೀನ ಇದ್ದಾರೆ ಅಂತೀರಿ. ನಿಮಗೆ ಎರಡೂ ಒಂದೇ!"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿ ಸುಮ್ಮನಾದ. "ನಿಮಗೆ ಹಾಗನ್ನಿಸಿದ್ರೆ... ಸರಿ," ಅಂದು ಹೊರಟುಹೋದ.

ಶಟರ್ ಎಳೆದುಕೊಂಡು ಅವಳು ಅತ್ತಳು. ಅಂಗಡಿಗಾಗಿ ಅಂತ ತನಗೆ ತಾನೇ ಹೇಳಿಕೊಂಡಳು. ಅರ್ಧ ಮಾತ್ರ ನಿಜ.

ನಾಲ್ಕು ದಿನ ಯಾರೂ ಬರಲಿಲ್ಲ. ಐದನೇ ದಿನ ಅಣ್ಣ ಬಂದ. ಕೂತ, ಎದ್ದ, ಮತ್ತೆ ಕೂತ.

"ಪುಟ್ಟಿ... ಮ್ಯಾಪಲ್ಲಿ ಅಂಗಡಿ ಕಾಣ್ತಿಲ್ವಲ್ಲೇ?"

"ನೀನ್ಯಾಕೆ ಹುಡುಕ್ದೆ?"

"ದಿನಾ ನೋಡ್ತೀನಿ ಕಣೇ," ಅವನು ನೆಲ ನೋಡುತ್ತಾ ಹೇಳಿದ. "ಮುಚ್ಚು ಅಂತ ನಾನೇ ಅಂದೆ, ನಿಜ. ಆದ್ರೆ ಜನ ನಿನ್ನ ಕೆಲಸ ಹೊಗಳಿ ಬರೆದಿದ್ದು ಓದಿ ಅಪ್ಪನೇ ಎದುರಿಗೆ ಬಂದ ಹಾಗಾಯ್ತು. ಇನ್ನೊಂದಿಷ್ಟು ಇರ್ಲಿ ಅಂತ... ಆಫೀಸಿನ ಐದು ಜನರ ಹತ್ರ ಬರೆಸ್ದೆ."

ಅವಳು ಬಿಟ್ಟ ಬಾಯಿ ಬಿಟ್ಟ ಹಾಗೇ ನಿಂತಳು.

"ಅಯ್ಯೋ ಅಣ್ಣಾ! ನಿನ್ನ ಪ್ರೀತಿಗಿಷ್ಟು! ಈಗ್ಲೇ ಫೋನ್ ಮಾಡಿ ಐದನ್ನೂ ಅಳಿಸಿಸು!"

"ಅಳಿಸಿಸ್ತೀನಿ. ಆದ್ರೆ ಪುಟ್ಟಿ, ತಿಂಗಳ ಕೊನೆಗೆ ಗಿರಾಕಿ ಇಲ್ದಿದ್ರೆ..."

"ಅದು ಆಮೇಲೆ!"

ಅವಳಿಗೆ ಆ ಕ್ಷಣ ಕಂಡಿದ್ದು ಒಂದೇ ಮುಖ. ಬಾಯಿ ತೆರೆದು ಸುಮ್ಮನಾದ ಮುಖ. ಈ ಕ್ಷಮೆಯನ್ನು ಫೋನಿನಲ್ಲಿ ಕೇಳುವುದು ಸರಿಯಲ್ಲ ಅನ್ನಿಸಿತು. ಆದರೆ ಅವನು ಎಲ್ಲಿ ಸಿಗುತ್ತಾನೆ?

ಮ್ಯಾಪ್ ತೆರೆದಳು. ಅವನ ಹೆಸರಿನ ಕೆಳಗೆ ಅವನು ಹಾಕಿದ ಹೊಸ ಫೋಟೋ ಇತ್ತು. ಹನ್ನೆರಡು ನಿಮಿಷದ ಹಿಂದೆ, ನಾಲ್ಕು ಬೀದಿ ಆಚೆಯ ಕನ್ನಡಕದ ಅಂಗಡಿ. ಮ್ಯಾಪ್ ಹಿಡಿದು ನಡೆದು ಅಭ್ಯಾಸವಿಲ್ಲದವಳು ಎರಡು ಸಲ ತಪ್ಪು ತಿರುವು ಹಿಡಿದಳು. ಏದುಸಿರು ಬಿಡುತ್ತಾ ಅವನ ಮುಂದೆ ಹೋಗಿ ನಿಂತಾಗ ಹೇಳಬೇಕೆಂದುಕೊಂಡ ಮಾತೆಲ್ಲ ಮರೆತಿತ್ತು.

"ನಮ್ಮಣ್ಣ... ನಮ್ಮಣ್ಣ ಬರೆಸಿದ್ದು. ನಾನು ಕೇಳ್ದೇನೇ ನಿಮ್ಮನ್ನ ಅಂದುಬಿಟ್ಟೆ. ತಪ್ಪಾಯ್ತು ರೀ."

ಅವನು ಫೋನ್ ಜೇಬಿಗಿಳಿಸಿದ.

"ನೋವಾಗಿದ್ದು ನಿಜ," ಎಂದ. "ಆದ್ರೆ ಅವತ್ತಿಂದ ನಿಮ್ಮ ಅಂಗಡಿ ವಾಪಸ್ ತರೋದು ಹೇಗೆ ಅಂತಾನೇ ಯೋಚಿಸ್ತಿದ್ದೆ. ಮ್ಯಾಪಿನವರಿಗೆ ಒಂದು ವೀಡಿಯೊ ಕಳಿಸ್ಬೇಕಂತೆ. ಬೀದಿ, ಬೋರ್ಡು, ನೀವು ಬೀಗ ತೆಗೆಯೋದು, ಕೆಲಸ ಮಾಡೋದು. ಎಲ್ಲ ಒಂದೇ ಸಲಕ್ಕೆ ಹಿಡೀಬೇಕು. ಮಧ್ಯೆ ಕತ್ತರಿಸಿದ್ರೆ ಒಪ್ಪಲ್ಲ."

ಅವತ್ತೇ ಸಂಜೆ ಹಿಡಿದರು. ಬೀದಿ ಮೂಲೆಯಿಂದ ಅವಳು ಮುಂದೆ, ಫೋನ್ ಹಿಡಿದು ಅವನು ಹಿಂದೆ. ಬೋರ್ಡು ಬಂತು. ಬೀಗ ತೆಗೆದಳು, ಶಟರ್ ಎತ್ತಿದಳು. ಮಿಷಿನ್ ಮುಂದೆ ಕೂತು ಎರಡು ಹನಿ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದಳು. ಸೂಜಿ ಬಟ್ಟೆಯ ಮೇಲೆ ನೇರವಾಗಿ ಓಡಿತು.

"ಈ ಅಂಗಡಿ ನಮ್ಮಪ್ಪಂದು. ಈಗ ನಂದು," ತಲೆ ಎತ್ತದೆ ಹೇಳಿದಳು.

"ಮಾತು ಬೇಕಾಗಿಲ್ಲ ರೀ," ಅವನು ಪಿಸುಗುಟ್ಟಿದ.

"ಇರ್ಲಿ. ಈ ವೀಡಿಯೊ ಹಿಡೀತಿರೋರು ದಿನಾ ಒಂದೊಂದು ನೆಪ ಹೇಳಿ ಬರ್ತಿದ್ರು. ಆಮೇಲೆ ನಾಲ್ಕು ದಿನ ಬರ್ಲಿಲ್ಲ. ಮ್ಯಾಪಲ್ಲಿ ಅಂಗಡಿ ಇಲ್ಲ ಅನ್ನೋದಕ್ಕಿಂತ ಅವರು ಇಲ್ಲ ಅನ್ನೋದೇ ನಂಗೆ ಹೆಚ್ಚು ಸಂಕಟ ಆಯ್ತು." ಅವಳು ಈಗ ತಲೆ ಎತ್ತಿದಳು. "ನಂಗೆ ಅವರಂದ್ರೆ ಇಷ್ಟ."

ಅವನು ಫೋನಿನ ಪಕ್ಕದಿಂದ ಇಣುಕಿದ.

"ರೀ... ರೆಕಾರ್ಡ್ ಆಗ್ತಿದೆ!"

"ಗೊತ್ತು."

"ಕತ್ತರಿಸೋ ಹಾಗಿಲ್ಲ!"

"ಅದೂ ಗೊತ್ತು."

ಅವಳು ಮತ್ತೆ ಚಕ್ರ ತಿರುಗಿಸಿದಳು. ಆಮೇಲೆ ಫೋನಿನ ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು.

"ನಂಗೂ... ನೀವಂದ್ರೆ ತುಂಬಾ ಇಷ್ಟ ರೀ."

"ಆಯ್ತಲ್ಲ, ಕಳ್ಸಿ ಇನ್ನು!" ಹೊರಗಿನಿಂದ ಬೀಗದಂಗಡಿ ಮಾವ ಕೂಗಿದರು.

ವೀಡಿಯೊ ಹಾಗೇ ಹೋಯಿತು.

ಎರಡು ದಿನ ಅವಳು ಊಟ ನೆಟ್ಟಗೆ ಮಾಡಲಿಲ್ಲ. ಮೂರನೇ ದಿನ ಅಂಗಡಿ ಮ್ಯಾಪಿಗೆ ಮರಳಿ ಬಂತು. ಅದರ ಬೆನ್ನಿಗೇ ಗಿರಾಕಿಗಳೂ ಬಂದರು. ತಿಂಗಳ ಕೊನೆಯ ದಿನ ಗೋಡೆಯ ಬದಿಗೆ ಏಳು ಮಿಷಿನ್ ಸಾಲಾಗಿ ಕಾಯುತ್ತಿದ್ದಾಗ ಅಣ್ಣನ ಫೋನ್ ಬಂತು.

"ಪುಟ್ಟಿ, ನಿನ್ನತ್ತಿಗೆ ಮಿಷಿನ್ ಕೆಟ್ಟಿದೆ. ನಾಳೆ ತರ್ಲಾ?"

"ನಾಳೆ ಆಗಲ್ಲ ಅಣ್ಣ, ತುಂಬಾ ಕೆಲಸ ಇದೆ. ಹತ್ತು ದಿನ ಕಾಯ್ಬೇಕು."

"ಆಗ್ಲಿ ಬಿಡು. ಹತ್ತು ದಿನ ಬಿಟ್ಟೇ ತರ್ತೀನಿ," ಅಂದ ಅಣ್ಣ. ಅವನ ದನಿ ಒದ್ದೆಯಾಗಿತ್ತು.

ಫೋನ್ ಇಟ್ಟು ಅವಳು ಕಣ್ಣೊರೆಸಿಕೊಂಡಳು. ಸ್ಟೂಲಿನ ಮೇಲೆ ಕೂತಿದ್ದ ಪಿನ್ನಣ್ಣ ಅವಳನ್ನೇ ನೋಡುತ್ತಿದ್ದ.

"ಅಲ್ಲ ರೀ... ಆ ವೀಡಿಯೊನ ಯಾರೋ ಕೂತು ನೋಡಿರ್ತಾರಲ್ವಾ? ಏನಂದ್ಕೊಂಡಿರ್ತಾರೆ?" ಅವಳು ಕೇಳಿದಳು.

"ಎಲ್ಲಾ ನಿಜ ಅಂದ್ಕೊಂಡಿರ್ತಾರೆ. ಅದಕ್ಕೇ ಒಪ್ಪಿದ್ದು."

"ಮತ್ತೆ ನೀವು?"

ಅವನು ಎಣ್ಣೆ ಮಸಿಯಾದ ಅವಳ ಕೈಯನ್ನು ಮೆಲ್ಲಗೆ ತನ್ನ ಕೈಯೊಳಗೆ ತೆಗೆದುಕೊಂಡ.

"ನಾನು ಅವರಿಗಿಂತ ಮೂರು ದಿನ ಮೊದಲೇ ಒಪ್ಪಿದ್ದೀನಿ."