ಎಲುಬಿನ ಸೂಜಿ

"ಆ ಗೊಂಬೆನ ಮುಟ್ಟಬೇಡ ಕಣೇ," ಎಂದಳು ಗಂಡನ ಅಕ್ಕ, ಹೊಲಿಗೆ ಯಂತ್ರ ನಿಲ್ಲಿಸಿ. "ನನ್ನ ಗಂಟಲುನೋವನ್ನ ಅಮ್ಮ ಯಾರ ಕೈಲೋ ಅದರೊಳಗೆ ಕಟ್ಟಿಸಿದ್ದು. ಅವತ್ತಿಂದಲೇ ನಾನು ಊಟ ಮಾಡ್ತಿರೋದು."

ಮದುವೆಯಾಗಿ ಬಂದು ತಿಂಗಳೂ ತುಂಬದ ಹೊಸ ಸೊಸೆ ನಕ್ಕುಬಿಟ್ಟಳು. ಸ್ಕ್ಯಾನಿಂಗ್ ಸೆಂಟರಿನಲ್ಲಿ ದಿನವಿಡೀ ಜನರ ಮೈಯೊಳಗನ್ನು ನೋಡುವವಳು ಅವಳು. "ನೋವೇನು ಕುರಿನಾ ಅಕ್ಕಾ, ಕಟ್ಟಿ ಹಾಕೋಕೆ?" ಎನ್ನುತ್ತ, ಬೀರುವಿನ ಮೂಲೆಯಲ್ಲಿದ್ದ ಮೇಣದ ಗೊಂಬೆಯ ಕತ್ತಿನಿಂದ ಎಲುಬಿನ ಸೂಜಿಯನ್ನು ಕಿತ್ತೇಬಿಟ್ಟಳು. ಕೂದಲು ಸುಟ್ಟ ವಾಸನೆ ಗಪ್ಪೆಂದು ಮುಖಕ್ಕೆ ಬಡಿಯಿತು. ಗೊಂಬೆ ಅಂಗೈಯಲ್ಲೇ ಎರಡು ಹೋಳಾಯಿತು. ಅಕ್ಕ ಬಿಳಿಚಿಕೊಂಡು ಗಂಟಲು ಸವರಿಕೊಂಡಳು. ಅವಳಿಗೇನೂ ಆಗಿರಲಿಲ್ಲ.

ಆದದ್ದು ಸೊಸೆಗೆ. ಮರುದಿನ ಊಟದ ಮೊದಲ ತುತ್ತಿಗೇ ಬಲಗಿವಿಯ ಕೆಳಗೆ ಏನೋ ಚುಚ್ಚಿತು. ಬರಬರುತ್ತ ನೀರೂ ಇಳಿಯದಾಯಿತು. ಉಗುಳು ನುಂಗಿದರೆ ಗಂಟಲೊಳಗೆ 'ಕಟ್' ಎಂಬ ಸದ್ದು.

ತಾನು ಕೆಲಸ ಮಾಡುವಲ್ಲಿಯೇ ಸ್ಕ್ಯಾನ್ ಮಾಡಿಸಿಕೊಂಡಳು. ಕಿವಿಯ ಬುಡದಲ್ಲಿ ಎಲ್ಲರಿಗೂ ಇರುವ ಗಿಡ್ಡ ಮುಳ್ಳೆಲುಬು ಅವಳಿಗೆ ಮಾತ್ರ ನೀಳವಾಗಿ ಬೆಳೆದು ಗಂಟಲಿಗೆ ಮೊನೆ ಚಾಚಿತ್ತು. "ಅಪರೂಪಕ್ಕೆ ಕೆಲವರಿಗೆ ಹೀಗಾಗತ್ತೆ, ಕತ್ತರಿಸಿ ತೆಗೀತೀವಿ," ಎಂದಿದ್ದ ಡಾಕ್ಟರು ವಾರದ ಮೇಲೆ ಎರಡನೆಯ ಸ್ಕ್ಯಾನ್ ನೋಡಿ ಆ ಮಾತು ಬಿಟ್ಟರು. ಎಲುಬು ಬಳ್ಳಿಯಂತೆ ರಕ್ತನಾಳವನ್ನು ಸುತ್ತಿಕೊಂಡಿತ್ತು. "ಈಗ ಕೈ ಹಾಕಿದ್ರೆ ನೀವು ಉಳಿಯಲ್ಲಮ್ಮ."

ಆ ಸಂಜೆ ಅಕ್ಕ ಅವಳ ಕೋಣೆಗೆ ಬಂದು ಕದ ಹಾಕಿದಳು. ಆ ಎಲುಬಿನ ಸೂಜಿಯನ್ನು ಅವಳ ಬೆರಳುಗಳ ನಡುವೆ ಇಟ್ಟಳು.

"ಒಡೆದ ಗೊಂಬೆ ಇನ್ನು ನೋವನ್ನ ಹಿಡಿಯಲ್ಲ. ಮನುಷ್ಯರೇ ಬೇಕು. ನನ್ನ ನೋವು ನನಗೇ ವಾಪಸ್ ಕೊಡು."

"ಅಕ್ಕಾ..."

"ನನಗೆ ಅಭ್ಯಾಸ ಇದೆ ಕಣೇ. ನೀನಿನ್ನೂ ಬಾಳಬೇಕಾದವಳು."

ಅಕ್ಕ ಕೂದಲು ಸರಿಸಿ ಕತ್ತು ಒಡ್ಡಿದಳು.

ಸೊಸೆ ಬೇಡ ಎನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಂಟಲೊಳಗಿನ ಎಲುಬಿನ ಮೊನೆ ಚುಚ್ಚಿತು. ಕಣ್ಣು ಕತ್ತಲಿಟ್ಟಿತು. ಹಸಿವು. ದಾಹ. ಕೈ ಮುಂದಕ್ಕೆ ಹೋಯಿತು. ಸೂಜಿ ಬೆಣ್ಣೆಯೊಳಗೆಂಬಂತೆ ಇಳಿಯಿತು. ಪೂರ್ತಿ ಇಳಿಯಿತು. ಅಕ್ಕ ಕಿರುಚಲಿಲ್ಲ. ಗಾಯವಿಲ್ಲ. ರಕ್ತವಿಲ್ಲ. ಅವಳು ಒಮ್ಮೆ ಉಗುಳು ನುಂಗಿದಳು.

ಕಟ್.

ಅಂದಿನ ಊಟಕ್ಕೆ ಅಕ್ಕ, ತಮ್ಮ, ಅವನ ಹೆಂಡತಿ ಮೂವರೂ ಒಟ್ಟಿಗೆ ಕುಳಿತರು.

"ಯಾಕಕ್ಕಾ, ತಟ್ಟೆ ಹಾಗೇ ಇದೆಯಲ್ಲ?" ತಮ್ಮ ಕೇಳಿದ.

"ಹಸಿವಿಲ್ಲ ಕಣೋ."

ಸೊಸೆ ತಲೆಯೆತ್ತಲಿಲ್ಲ. ಕಣ್ಣೀರು ತೊಟ್ಟಿಕ್ಕಿ ಅನ್ನದಲ್ಲಿ ಬೆರೆಯುತ್ತಿತ್ತು. ಆದರೂ ತುತ್ತು ಸಲೀಸಾಗಿ ಇಳಿಯುತ್ತಿತ್ತು, ರುಚಿಯಾಗಿಯೂ ಇತ್ತು. ಅವಳು ಮತ್ತೊಮ್ಮೆ ಬಡಿಸಿಕೊಂಡಳು.