ಗೋಡೆಯ ಮೇಲಿನ ಕೈ

"ಚೆನ್ನಾಗಿದೆ... ಆದ್ರೆ ನಿಮ್ಮ ವೈರಸ್ ಕನ್ನಡಿಯೊಳಗೆ ಕೂತಿದೆ ಅನ್ಸುತ್ತೆ!"

ಹೀಗಂದದ್ದು ಅಷ್ಟೂ ಜನರ ಮುಂದೆ! ಅದೂ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನ ಈ ಲ್ಯಾಬಿಗೆ ಮೊನ್ನೆ ಸೇರಿದ ಎಸ್ರೋಮ್!

ರೊಸಾನಾಳ ಕಿವಿ ಬಿಸಿಯಾಯಿತು. ಪರದೆಯ ಮೇಲೆ ಅವಳ ವೈರಸ್, ಆಮೆಗಳಿಗೆ ತಗಲುವಂಥದ್ದು, ತಿರುಗುತ್ತಿತ್ತು. ಮೈತುಂಬ ಗುಬುಟು, ಎಲ್ಲವೂ ಎಡಕ್ಕೆ ಸುಳಿದಂತೆ. ವರ್ಷಗಳ ದುಡಿಮೆ! ಈ ಶುಕ್ರವಾರ ಅವಳ ಹೆಸರಲ್ಲೇ ವಿಜ್ಞಾನ ಪತ್ರಿಕೆಗೆ ಹೋಗಬೇಕಿತ್ತು.

ಮಧ್ಯಾಹ್ನ ಎಸ್ರೋಮ್ ಇದ್ದ ಮೈಕ್ರೋಸ್ಕೋಪ್ ಕೋಣೆಗೇ ನುಗ್ಗಿದಳು.

"ನನ್ನ ಮಾನ ಕಳೆದು ನಿನಗೇನಪ್ಪಾ ಸಿಕ್ತು?"

ಅವನು ಟಾರ್ಚ್ ಹಚ್ಚಿ ಅದರ ಮುಂದೆ ಕೈ ಹಿಡಿದ. "ನನ್ನ ನೋಡ್ಬೇಡ. ಗೋಡೆ ಮೇಲಿನ ನೆರಳು ನೋಡು. ಯಾವ ಕೈ?"

"ಎಡಗೈ. ಇದೇನು ಮಕ್ಕಳಾಟ?"

"ಬಲಗೈ. ಮಗುಚಿ ಹಿಡಿದಿದೀನಿ ಅಷ್ಟೆ."

ಅವಳಿಗೆ ಥಟ್ಟನೆ ಹೊಳೆಯಿತು. ಮೈಕ್ರೋಸ್ಕೋಪ್ ಕೊಡುವುದೂ ಬರೀ ನೆರಳುಗಳನ್ನೇ! ಅವನ್ನೆಲ್ಲ ಸೇರಿಸಿ ಕಂಪ್ಯೂಟರ್ ಆಕಾರ ಕಟ್ಟುವಾಗ ಎಡಸುಳಿ, ಬಲಸುಳಿ ಎರಡೂ ಹೊಂದುತ್ತವೆ. ಅದು ಎಡ ಅಂದಿತು, ನಾನು ನಂಬಿದೆ...

"ಮತ್ತೆ ಗೊತ್ತಾಗೋದು ಹೇಗೆ?" ಸಿಟ್ಟಿಗಿಂತ ಕುತೂಹಲವೇ ಮೊದಲು ಬಾಯಿಗೆ ಬಂತು.

"ಅದೇ ವೈರಸ್ಸನ್ನ ಸ್ವಲ್ಪ ವಾಲಿಸಿ, ಇನ್ನೊಂದು ಸಲ ನೋಡ್ಬೇಕು."

"ನಿನ್ನ ಮಾತು ಸುಳ್ಳಾದ್ರೆ?"

"ನಾಳೆ ಟೀಗೆ ಕೇಕ್ ನಂದು."

ತಪ್ಪಿದವರು ಕೇಕ್ ತರುವುದು ಆ ಲ್ಯಾಬಿನ ರೂಢಿ.

ಇಬ್ಬರೂ ಹೆಪ್ಪುಗಟ್ಟಿಸಿದ ವೈರಸ್ಸನ್ನು ಮೈಕ್ರೋಸ್ಕೋಪಿನೊಳಗಿಟ್ಟರು. ನೇರವಾಗಿ ಒಂದು ಚಿತ್ರ, ವಾಲಿಸಿ ಇನ್ನೊಂದು. ಭುಜಕ್ಕೆ ಭುಜ ತಾಗಿದ್ದು ಇಬ್ಬರಿಗೂ ಗೊತ್ತಿತ್ತು, ಯಾರೂ ಸರಿಯಲಿಲ್ಲ.

ಎರಡನೆಯ ಚಿತ್ರಕ್ಕೆ ಎಡಸುಳಿ ಹೊಂದಲಿಲ್ಲ. ಬಲಸುಳಿ ಕರಾರುವಾಕ್ಕಾಗಿ ಕೂತಿತು!

"ಅಯ್ಯೋ... ಉಲ್ಟಾ ಮುಖ ಹೊತ್ಕೊಂಡೇ ಶುಕ್ರವಾರ ಹೊರಟುಬಿಡ್ತಿತ್ತಲ್ಲ!" ಅವಳ ಕಣ್ಣು ತುಂಬಿತು. ಆದರೂ ಪರದೆಯಿಂದ ನೋಟ ಕೀಳಲಾಗಲಿಲ್ಲ. ಎಷ್ಟು ಚೆಂದ ಇದೆ ನಿಜವಾದದ್ದು!

ಮರುದಿನ ನಿಂಬೆ ಕೇಕ್ ಹಿಡಿದು ಬಂದಳು. ಮೇಜಿನ ಮೇಲೆ ಆಗಲೇ ತೆಂಗಿನ ಕೇಕ್ ಇತ್ತು, ಒಂದು ಬದಿ ಸೀದಿತ್ತು. ಪಕ್ಕದಲ್ಲಿ ಎಸ್ರೋಮ್.

"ಸೋತಿದ್ದು ನಾನು. ನೀನ್ಯಾಕೆ ತಂದೆ?"

"ಹೇಳಿದ್ದು ಸರಿ. ಎಲ್ಲರೆದುರು ಹೇಳಿದ್ದು ತಪ್ಪು. ನಿನ್ನೊಬ್ಬಳ ಹತ್ರ ಬಂದು ಹೇಳೋಕೆ... ಧೈರ್ಯ ಆಗಲಿಲ್ಲ."

ರೊಸಾನಾ ತಲೆ ವಾಲಿಸಿ ಅವನನ್ನೇ ದಿಟ್ಟಿಸಿದಳು.

"ಏನು ನೋಡ್ತಿದೀಯ?"

"ಇನ್ನೊಂದು ಸಲ ನೋಡ್ತಿದೀನಿ."

ಅವನು ನಾಚಿ, ಮೇಜಿನಡಿ ಮೆಲ್ಲಗೆ ಕೈ ಚಾಚಿದ. "ಹಾಗಾದ್ರೆ ಹೇಳು... ಇದು ಯಾವ ಕೈ?"

ಅವಳು ಬಗ್ಗಿ ನೋಡಲಿಲ್ಲ. ಹಿಡಿದುಕೊಂಡಳು.

"ಹೇಳಿದ್ಮೇಲೆ ಬಿಟ್ಬಿಡ್ತೀಯಾ?"

"ಹೂಂ, ಬಿಡ್ಬೇಕಲ್ಲ..."

"ಹಂಗಾದ್ರೆ ಹೇಳೋದೇ ಇಲ್ಲ, ಹೋಗೋ!"